ಗುಂಯ್‌ಗುಡುವ ಬೆನ್ನು

ಅಲ್ಲಿ ನೋವಿಗೆಲ್ಲ ಒಂದೊಂದು ಸದ್ದಿತ್ತು. ಹಲ್ಲುನೋವಿನವರ ದವಡೆಯಿಂದ ಸಿಳ್ಳೆ ಕೇಳುವುದು, ಮಂಡಿನೋವಿನವರ ಕಾಲು ಕಿರ್ರೆನ್ನುವುದು ಎಲ್ಲರಿಗೂ ರೂಢಿಯಾಗಿತ್ತು. ಆದರೂ ಬಹುಕಾಲದಿಂದ ನೋಯುತ್ತಿದ್ದ ಕಸ್ತೂರೆವ್ವನ ಬೆನ್ನು ಗುಂಯ್‌ಗುಟ್ಟತೊಡಗಿದರೆ ಸುತ್ತಲಿನವರು ಮಾತು ನಿಲ್ಲಿಸಿಬಿಡುತ್ತಿದ್ದರು. ಹಾಗಾಗಿ ವರ್ಷಗಟ್ಟಲೆ ಅವಳು ಯಾವ ಸಮಾರಂಭಕ್ಕೂ ಹೋಗಿರಲಿಲ್ಲ.

ಇಂದು ಧಾರವಾಡದಲ್ಲಿ ತಮ್ಮ ಈರಣ್ಣನ ಮಗಳ ನಾಮಕರಣ. ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕು. ಆಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು.

“ಅಕ್ಕಾ, ನೀ ಕುಂದ್ರು. ಹೆಸರು ಸಣ್ಣಕ್ಕ ಹೇಳ್ತಾಳ,” ಎಂದ ಈರಣ್ಣ.

“ಹಿರೇ ಅತ್ತಿ ನಾ ಇದ್ದೀನಲ್ಲೋ!” ಎನ್ನುತ್ತ ಕಸ್ತೂರೆವ್ವ ತೊಟ್ಟಿಲ ಬಳಿ ನಡೆದಳು.

ಬಗ್ಗಿದೊಡನೆ ಬೆನ್ನು ಜೋರಾಗಿ ಗುಂಯ್‌ಗುಟ್ಟಿತು. ಮೊದಲಾದರೆ ಅದನ್ನು ಅಡಗಿಸಲು ಮೈ ಬಿಗಿಹಿಡಿಯುತ್ತಿದ್ದಳು, ಸದ್ದು ಇನ್ನಷ್ಟು ಏರುತ್ತಿತ್ತು. ಆಪ್ತಸಮಾಲೋಚಕಿ ಮೆಹರುನ್ನಿಸಾ ಹಲವು ತಿಂಗಳು ಅವಳೊಂದಿಗೆ ಕೂತು ಬೇರೆಯದನ್ನೇ ಕಲಿಸಿದ್ದರು. ಸದ್ದು ನಿಲ್ಲಲೆಂದು ಕಾಯಬೇಡಿ, ಉಸಿರು ಸಡಿಲ ಬಿಟ್ಟು ನಿಮಗೆ ಬೇಕಾದ ಕೆಲಸ ಮಾಡಿ ಎಂದಿದ್ದರು.

ಕಸ್ತೂರೆವ್ವ ಉಸಿರು ಬಿಟ್ಟಳು. ಮಗುವಿನ ಕಿವಿಯಲ್ಲಿ “ಅನ್ವಿತಾ” ಎಂದಳು.

ಯಾರೂ ಗುದ್ದಲಿಲ್ಲ. ಎತ್ತಿದ ಕೈಗಳು ಎತ್ತಿದಲ್ಲೇ ಉಳಿದವು.

“ಏನ್ರೇ, ಕೈ ಜೋಮು ಹಿಡದಾವೇನು? ಭುಜಕ್ಕ ಹಗೂರಕ ಗುದ್ರಿ!”

ಈರಣ್ಣ ಹೇಳಿದ್ದ ಸಣ್ಣಕ್ಕ, ಅವಳ ತಂಗಿಯೇ ಮೊದಲು ಗುದ್ದಿದಳು. ಆಮೇಲೆ ಉಳಿದವರೂ ನಗುತ್ತ ಮುಗಿಬಿದ್ದರು. ಸದ್ದು ಏರಿತು. ಮಗು ಎಚ್ಚರಗೊಂಡು ಸದ್ದು ಬಂದತ್ತ ಕಣ್ಣರಳಿಸಿತು.

“ಅದು ನಿನ್ನ ಅತ್ತಿ ಬೆನ್ನವ್ವಾ,” ಎಂದಳು ಕಸ್ತೂರೆವ್ವ. “ಇನ್ನ ಮ್ಯಾಲೆ ಎಲ್ಲಾ ಹಬ್ಬಕ್ಕೂ ಕೇಳ್ತೀ.”