ನಾನೂರ ಒಂದು ಡಾಲರ್ ಬಾಗಿನ

"ಹಾಗಾದರೆ ನಿಮ್ಮ ಖರ್ಚನ್ನೆಲ್ಲ ನೋಡಿಕೊಳ್ಳುತ್ತಿರುವುದು ನಿಮ್ಮ ತಂಗಿ, ಅಲ್ಲವೇ?" ಎಂದು ಇಮಿಗ್ರೇಶನ್ ಆಫೀಸಿನ ಅಧಿಕಾರಿಣಿ ಇಂಗ್ಲಿಷಿನಲ್ಲಿ ಕೇಳಿದಳು. ಹೌದು ಎಂದಿದ್ದರೆ ಕೆಲಸ ಮುಗಿಯುತ್ತಿತ್ತು. ವೀಸಾಕ್ಕೆ ಇನ್ನಾರು ತಿಂಗಳ ಮುದ್ರೆ ಬೀಳುತ್ತಿತ್ತು. ಆದರೆ ಮೈಸೂರಿನ ಹೈಸ್ಕೂಲಿನಲ್ಲಿ ಮೂವತ್ತೈದು ವರ್ಷ ಇಂಗ್ಲಿಷ್ ಪಾಠ ಹೇಳಿ ರಿಟೈರಾಗಿದ್ದ ವ್ಯಾಸರಾಜರಾಯರು ಎದೆಯುಬ್ಬಿಸಿಕೊಂಡು, "ನೋ ಮೇಡಂ! ನಾಟ್ ಎ ಸಿಂಗಲ್ ಪೈ!" ಎಂದುಬಿಟ್ಟರು. ಪಕ್ಕದಲ್ಲಿ ನಿಂತಿದ್ದ ತಂಗಿ ಡಾಕ್ಟರ್ ವಸುಧಾ ಹಣೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

"ಇವರ ಊಟ, ವಸತಿ, ಔಷಧ ಎಲ್ಲ ನನ್ನದು ಎಂದು ಅವರು ಇಲ್ಲಿ ಸಹಿ ಹಾಕಿದ್ದಾರಲ್ಲ?"

"ಅದು ಅವಳ ದೊಡ್ಡ ಮನಸ್ಸು. ನಮ್ಮ ಕಡೆ ಅಣ್ಣ ತಂಗಿಗೆ ಕೊಡುತ್ತಾನೆ. ತಂಗಿಯಿಂದ ತೆಗೆದುಕೊಳ್ಳುವುದಿಲ್ಲ."

"ಸರಿ, ನಿಮ್ಮದೇ ಹಣ ಎಷ್ಟಿದೆ ತೋರಿಸಿ."

ರಾಯರು ಕೋಟಿನ ಒಳಜೇಬಿನಿಂದ ಪರ್ಸು ತೆಗೆದು, ನೋಟುಗಳನ್ನು ಒಂದರ ಮೇಲೊಂದು ಜೋಡಿಸಿ ಇಟ್ಟರು. ಅರವತ್ತೆರಡು ಡಾಲರು. ಊರಿನಲ್ಲಿ ಪೆನ್ಷನ್ನೇನೋ ತಿಂಗಳು ತಿಂಗಳು ಬರುತ್ತಿತ್ತು, ಆದರೆ ಆಗಿನ ಕಾನೂನಿನಲ್ಲಿ ಆ ರೂಪಾಯಿ ಸಮುದ್ರ ದಾಟುವಂತಿರಲಿಲ್ಲ. ಏಪ್ರಿಲ್ಲಿನಲ್ಲಿ ವಿಮಾನ ಹತ್ತುವಾಗ ಸರ್ಕಾರ ಒಯ್ಯಲು ಬಿಟ್ಟದ್ದು ಐನೂರು ಡಾಲರು. ಉಳಿದದ್ದು ಏನಾಯಿತೆಂದು ಅವಳು ಕೇಳಿದಳು.

"ಮೊನ್ನೆ ಗೌರಿ ಹಬ್ಬಕ್ಕೆ ತಂಗಿಗೆ ಬಾಗಿನ ಕೊಟ್ಟೆ. ನಾನೂರ ಒಂದು."

"ಆ ಒಂದು ಯಾಕೆ?"

"ಸೊನ್ನೆಗೆ ನಿಲ್ಲಿಸಬಾರದು, ಮೇಡಂ."

ಅವಳು ಪೆನ್ನು ಕೆಳಗಿಟ್ಟಳು. ಕೆಟ್ಟ ಹೆಂಗಸಲ್ಲ, ಪಾಪ. ಆದರೆ ಅವಳ ಫಾರಮ್ಮಿನಲ್ಲಿ ಬಾಗಿನಕ್ಕೆ ಕಾಲಂ ಇರಲಿಲ್ಲ. "ಒಂದೋ ನಿಮ್ಮ ಹತ್ತಿರ ಹಣವಿರಬೇಕು, ಇಲ್ಲವೇ ನೀವು ಇವರ ಡಿಪೆಂಡೆಂಟ್ ಆಗಿರಬೇಕು. ಎರಡೂ ಅಲ್ಲದಿದ್ದರೆ ಬರುವ ಹತ್ತನೇ ತಾರೀಕಿಗೆ ನೀವು ಹೊರಡಬೇಕು. ಹೋಗಿ, ಐದು ನಿಮಿಷ ಮಾತಾಡಿಕೊಂಡು ಬನ್ನಿ," ಎಂದಳು.

ಇಬ್ಬರೂ ಗೋಡೆಯ ಪಕ್ಕದ ಬೆಂಚಿನಲ್ಲಿ ಕುಳಿತರು.

"ಏನಣ್ಣ ನೀನು! ಯೂನಿಯನ್ ಸಿಟಿಯಿಂದ ಟ್ರೈನಲ್ಲಿ ಪೂರ್ತಿ ಹೇಳ್ಕೊಂಡ್ ಬಂದೆ, ಬರೀ ಎಸ್ ಅನ್ನು ಸಾಕು ಅಂತ. ಈಗ ಆ ನಾನೂರೊಂದು ವಾಪಸ್ ತಗೋ. ಬ್ಯಾಂಕಲ್ಲಿ ನಿನ್ನ ಹೆಸರಿಗೆ ಹಾಕಿ, ಜೊತೆಗೆ ಇನ್ನಷ್ಟು ಸೇರಿಸಿ ತೋರ್ಸಣ."

"ಬಾಗಿನ ಕೊಟ್ಟಿದ್ದನ್ನ ವಾಪಸ್ ತಗೊಳ್ಳೋದಾ? ಬಿಡ್ತು ಅನ್ನು."

"ಹಾಗಾದ್ರೆ ಡಿಪೆಂಡೆಂಟು ಅಂತ ಒಪ್ಕೋ. ಬರೀ ಪೇಪರಿಗೆ ತಾನೆ?"

"ತಂಗಿ ಅನ್ನದಲ್ಲಿ ಬಿದ್ದಿದೀನಿ ಅಂತ ಬಾಯ್ಬಿಟ್ಟು ಹೇಳೋದು ಬರೀ ಪೇಪರಿಗೆ ಹೇಗಾಗತ್ತೆ, ವಸೂ?"

ವಸುಧಾಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡಿದ್ದರು. ಆ ಭಾದ್ರಪದದಲ್ಲಿ ರಾಯರು ತಮ್ಮ ಮೊದಲ ಸಂಬಳದಿಂದ ಎರಡು ರೂಪಾಯಿ ತೆಗೆದು, ಮೊರದಲ್ಲಿಟ್ಟು ಅವಳ ಕೈಗೆ ಕೊಟ್ಟಿದ್ದರು. ಅವಳು ಅದನ್ನು ಲಂಗದ ಅಂಚಿಗೆ ಗಂಟು ಹಾಕಿಕೊಂಡು ಅಗ್ರಹಾರದ ಬೀದಿಯಲ್ಲೆಲ್ಲ ತೋರಿಸಿ ಬಂದಿದ್ದಳು. ಅಲ್ಲಿಂದ ಅವಳು ಊರಿನಲ್ಲಿರುವವರೆಗೆ ಒಂದು ವರ್ಷವೂ ತಪ್ಪಿರಲಿಲ್ಲ. ಮದುವೆಯಾಗಿ ಅಮೆರಿಕಕ್ಕೆ ಬಂದಮೇಲೆ ಹದಿನೆಂಟು ವರ್ಷ, ಹಣ ಕಳಿಸುವ ದಾರಿಯಿಲ್ಲದೆ, ಹಬ್ಬಕ್ಕೆ ಬರೀ ಕಾಗದ ಬಂತು. ಪ್ರತಿ ಕಾಗದದಲ್ಲೂ ಬಾಗಿನ ಬಾಕಿ ಇದೆ ಎಂದು ಕೊನೆಯ ಸಾಲಿನಲ್ಲಿ ಬರೆದಿರುತ್ತಿದ್ದರು. ಈ ಮಾರ್ಚಿನಲ್ಲಿ ಅವಳ ಗಂಡ ರಘೋತ್ತಮ ಹೋದ. ಮಕ್ಕಳಿಲ್ಲದ ಮನೆ. ಸುದ್ದಿ ತಿಳಿದು ರಾಯರು ಓಡಿ ಬಂದರು. ಹಬ್ಬದ ದಿನ, "ಇನ್ನು ನನಗೆಲ್ಲಿ ಬಾಗಿನ, ಅಣ್ಣ," ಎಂದು ಅವಳು ಅಡುಗೆಮನೆಗೆ ಹೋದಳು. "ಗಂಡ ಹೋದ್ರೆ ಅಣ್ಣನೂ ಹೋದ್ನೇನೇ?" ಎಂದು ಗದರಿಸಿದ ರಾಯರು, ಮೊರ ಸಿಗದೆ ಕೇಕಿನ ತಟ್ಟೆಯಲ್ಲಿ ಎಲೆ ಅಡಿಕೆಯಿಟ್ಟು, ಅದರ ಮೇಲೆ ಆ ನೋಟುಗಳನ್ನಿಟ್ಟು ಕೊಟ್ಟಿದ್ದರು. ಆ ದಿನ ಇಬ್ಬರೂ ಅತ್ತಿದ್ದರು.

"ಹೋಗ್ಲಿ ಬಿಡು," ಎಂದಳು ವಸುಧಾ. "ನಿನಗೆ ಮನಸ್ಸಿಲ್ದೆ ಇದ್ರೆ ಬೇಡ. ಹತ್ತನೇ ತಾರೀಕಿಗೇ ಟಿಕೆಟ್ ಮಾಡಿಸ್ತೀನಿ. ಆದ್ರೆ ಒಂದು ತಮಾಷೆ ಗೊತ್ತಾ? ಆಸ್ಪತ್ರೆಯಿಂದ ಬಂದಾಗ ದಿನಾ ನೀನೇ ಬಾಗಿಲು ತೆಗೀತೀಯಲ್ಲ, ಮನೆ ಕೀ ಎಲ್ಲಿಟ್ಟಿದೀನಿ ಅನ್ನೋದೇ ನನಗೆ ಮರ್ತುಹೋಗಿದೆ. ಇವತ್ತಿಂದ ಹುಡುಕ್ಬೇಕು."

ರಾಯರು ತಟ್ಟನೆ ಎದ್ದರು. ಕೋಟಿನ ಗುಂಡಿ ಹಾಕಿಕೊಂಡು ಅಧಿಕಾರಿಣಿಯ ಕಿಟಕಿಯ ಹತ್ತಿರ ಹೋದರು. "ಮೇಡಂ, ಐ ಆಮ್ ಡಿಪೆಂಡೆಂಟ್ ಆನ್ ಮೈ ಸಿಸ್ಟರ್," ಎಂದರು. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ. ದನಿ ಮಾತ್ರ ಅರ್ಧಕ್ಕೇ ಒಡೆಯಿತು.

ಮುದ್ರೆ ಬಿತ್ತು. ಇಷ್ಟೆಲ್ಲ ಬಯಸಿದ್ದ ವಸುಧಾಗೆ ಅಣ್ಣನ ಮುಖ ನೋಡುವ ಧೈರ್ಯವಾಗಲಿಲ್ಲ. ಸ್ಟೇಷನ್ನಿನವರೆಗೂ ರಾಯರು ಒಂದು ಹೆಜ್ಜೆ ಹಿಂದೆಯೇ, ಬೇರೆಯವರ ಮನೆಗೆ ಹೊರಟವರ ಹಾಗೆ ನಡೆಯುತ್ತಿದ್ದರು.

ಟಿಕೆಟ್ ಮಷೀನಿನ ಮುಂದೆ ವಸುಧಾ ನಿಂತಳು. ಬೆಳಿಗ್ಗೆ ಬರುವಾಗ ಅವಳೇ ಚಕಚಕನೆ ನೋಟು ತುರುಕಿ ಟಿಕೆಟ್ ತೆಗೆದಿದ್ದಳು. ಈಗ ಭುಜದ ಬ್ಯಾಗಿನ ಜಿಪ್ಪಿಗೆ ಕೈ ಹಾಕಲಿಲ್ಲ. ಹಿಂದೆ ಮೆಡಿಕಲ್ ಕಾಲೇಜಿಗೆ ಹೊರಡುವಾಗ ಬಾಗಿಲಲ್ಲಿ ನಿಂತು ಅಣ್ಣನ ಮುಂದೆ ಚಾಚುತ್ತಿದ್ದ ಹಾಗೆಯೇ ಅಂಗೈ ಚಾಚಿದಳು.

"ಅಣ್ಣ, ಚಾರ್ಜಿಗೆ ದುಡ್ಡು."

ರಾಯರು ಅವಳ ಬ್ಯಾಗನ್ನೊಮ್ಮೆ, ಕೈಯನ್ನೊಮ್ಮೆ ನೋಡಿದರು. ಆಮೇಲೆ ಒಳಜೇಬಿಗೆ ಕೈ ಹಾಕಿ, "ಎಷ್ಟು ಬೇಕೇ?" ಎಂದು ಹಳೆಯ ಗತ್ತಿನಲ್ಲೇ ಗದರಿಸಿದರು.

"ಇಬ್ಬರದೂ ಕೊಡು," ಎಂದಳು ವಸುಧಾ.