ವಾಲಗಕ್ಕೆ ನಿಂತ ಎತ್ತುಗಳು

ಗೆಲುವಿನ ಗೆರೆ ಇನ್ನೇನು ನಾಲ್ಕು ಮಾರು ಇದೆ ಎನ್ನುವಾಗ ರಂಗಯ್ಯನ ಎತ್ತುಗಳು ನಿಂತೇಬಿಟ್ಟವು. ಮುಗ್ಗರಿಸಲಿಲ್ಲ, ಬೆದರಲಿಲ್ಲ, ಹಸೆಗೆ ಬಂದ ಮದುಮಗಳ ಹಾಗೆ ತಲೆ ತಗ್ಗಿಸಿ ನಿಂತವು. ರಂಗಯ್ಯ ಬಾರುಕೋಲು ಬೀಸಿದ, ಬಾಲ ತಿರುವಿದ, ಅವುಗಳ ವಂಶವನ್ನೆಲ್ಲ ಬೈದ. ಊಹೂಂ. ಅಷ್ಟರಲ್ಲಿ ಹಿಂದೆ ಬಿದ್ದಿದ್ದ ಗೌರಿಪುರದ ಮುದ್ದಪ್ಪನ ಗಾಡಿ ದೂಳೆಬ್ಬಿಸಿಕೊಂಡು ಬಂದು ಗೆರೆ ದಾಟಿತು. ಅಜ್ಜಂಪುರದ ಸ್ಟೇಷನ್ ಹಿಂದಿನ ಬಯಲಿನಲ್ಲಿ ಸೇರಿದ್ದ ಜನ ಹೋ ಎಂದು ಕೂಗಿದರು. ಗೆರೆಯಾಚೆ ನಿಂತಿದ್ದ ರಂಗಯ್ಯನ ಊರಿನ ವಾಲಗದವರು ಮಾತ್ರ ಕೆನ್ನೆ ಉಬ್ಬಿಸಿಕೊಂಡು ಇನ್ನೂ ಊದುತ್ತಲೇ ಇದ್ದರು.

ಎತ್ತುಗಳದೇನೂ ತಪ್ಪಿಲ್ಲ. ಅಮೃತಮಹಲ್ ಜೋಡಿ ಅದು. ಪ್ರತಿ ಸಲ ಗೆದ್ದು ಬಂದಾಗಲೂ ಹುಣಸೇಕಟ್ಟೆಯ ಊರಬಾಗಿಲಲ್ಲಿ ವಾಲಗ ಊದಿಸುವುದು, ರಂಗಯ್ಯನ ಹೆಂಡತಿ ಅಂಬಮ್ಮ ಆರತಿ ಎತ್ತಿ ಕೊಬ್ಬರಿ ಬೆಲ್ಲ ತಿನ್ನಿಸುವುದು ರೂಢಿ. ವಾಲಗ ಕೇಳಿತೆಂದರೆ ಓಟ ಮುಗಿಯಿತು, ತಲೆ ತಗ್ಗಿಸಿದರೆ ಬೆಲ್ಲ ಬರುತ್ತದೆ ಎಂದು ಮೂಕಪ್ರಾಣಿಗಳು ಕಲಿತುಬಿಟ್ಟಿದ್ದವು.

ಬರೀ ಓಟ ಸೋತಿದ್ದರೆ ರಂಗಯ್ಯ ಹೇಗೋ ನುಂಗಿಕೊಳ್ಳುತ್ತಿದ್ದ. ಹುಣಸೇಕಟ್ಟೆಗೂ ಗೌರಿಪುರಕ್ಕೂ ಇರುವುದು ಒಂದೇ ಕೆರೆ. ತೂಬಿನ ನೀರಿನ ಜಗಳ ತಾತನ ಕಾಲದ್ದು. ಯುಗಾದಿ ಕಳೆದ ಮೇಲೆ ಮುದ್ದಪ್ಪ ತನ್ನ ಮಗನಿಗೆ ರಂಗಯ್ಯನ ಮಗಳು ಕಾಂತಮ್ಮನನ್ನು ಕೇಳಲು ಬಂದಾಗ, ಇವನು ಚಾವಡಿಯಲ್ಲಿ ಹತ್ತು ಜನರೆದುರು ಮೀಸೆ ತಿರುವಿದ್ದ: "ನಿನ್ನ ಎತ್ತು ನನ್ನೆತ್ತಿಗಿಂತ ಒಂದು ಮೂಗು ಮುಂದೆ ಬರ್ಲಿ ಕಣಪ್ಪಾ, ಅವತ್ತೇ ಹೆಣ್ಣು ಕೊಡ್ತೀನಿ!" ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಊರಿಗೆ ಹಿಂದಿರುಗುವಾಗ ಗಾಡಿಯಲ್ಲಿ ತೀರ್ಥಪ್ಪ ಮೇಷ್ಟ್ರೂ ಇದ್ದರು. ಸಂಜೆ ಹೊತ್ತು ಚಾವಡಿಯಲ್ಲಿ ವಯಸ್ಕರ ಶಾಲೆ ನಡೆಸುವವರು ಅವರೇ. "ನಮ್ಮೂರೂ ಸಿಬಾರಿಸ್ ಆಗೋಯ್ತಲ್ಲೋ ರಂಗಯ್ಯ!" ಎಂದು ನಕ್ಕರು. ರಂಗಯ್ಯನಿಗೆ ಮೈಯೆಲ್ಲ ಉರಿಯಿತು.

ಹೋದ ವಾರವಷ್ಟೇ ಮೇಷ್ಟ್ರು ಕಾಗುಣಿತ ಬದಿಗಿಟ್ಟು ಆ ಕಥೆ ಹೇಳಿದ್ದರು. ಎರಡೂವರೆ ಸಾವಿರ ವರ್ಷಕ್ಕೂ ಹಿಂದೆ ಗ್ರೀಸ್ ದೇಶದ ಜನ ಹಡಗು ಹತ್ತಿ ಇಟಲಿಯ ದಡಕ್ಕೆ ಬಂದು ಕಟ್ಟಿಕೊಂಡ ಊರು ಸಿಬಾರಿಸ್. ಅದೇ ನಾಡಿನಿಂದ ಬಂದವರು ಕಟ್ಟಿದ ಪಕ್ಕದೂರು ಕ್ರೋಟನ್. ಒಂದೇ ಬಳ್ಳಿಯ ಕಾಯಿಗಳು, ಆದರೂ ಹಾವು ಮುಂಗುಸಿ. ಸಿಬಾರಿಸ್‌ನವರಿಗೆ ಸಿರಿ ಎಷ್ಟು ಹೆಚ್ಚಿತ್ತೆಂದರೆ, ಬೆಳಗಿನ ನಿದ್ದೆ ಕೆಡುತ್ತದೆಂದು ಊರೊಳಗೆ ಹುಂಜವನ್ನೇ ಸಾಕುತ್ತಿರಲಿಲ್ಲವಂತೆ. ಕುದುರೆಗಳಿಗೆ ಕೊಳಲಿನ ದನಿಗೆ ಕುಣಿಯುವುದನ್ನು ಕಲಿಸಿದ್ದರಂತೆ. ಯುದ್ಧದ ದಿನ ಕ್ರೋಟನ್‌ನವರು ಕತ್ತಿಯ ಜೊತೆಗೆ ಕೊಳಲನ್ನೂ ತಂದರು. ಕುದುರೆಗಳು ಕುಣಿದವು, ಸಿಬಾರಿಸ್ ಸೋತಿತು. "ಎಂಥಾ ಮುಟ್ಠಾಳ್ರು!" ಎಂದು ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವನು ರಂಗಯ್ಯ.

ಗಾಡಿಯ ಹಿಂದೆ ನಡೆದು ಬರುತ್ತಿದ್ದ ವಾಲಗದ ಚಿಕ್ಕಬೀರಪ್ಪನ ಮೇಲೆ ಈಗ ಅವನ ಕೋಪ ತಿರುಗಿತು. "ಲೇ, ಗೆಲ್ಲೋಕೆ ಮುಂಚೆ ಊದು ಅಂತ ನಿಂಗ್ಯಾರೋ ಹೇಳಿದ್ದು?"

"ಅಮ್ಮಾರೇ ಹೇಳಿದ್ದು ಗೌಡ್ರೇ. ಗೆದ್ದ ಮೇಲೆ ಊದಿದ್ರೆ ಏನ್ ಚೆಂದ, ಗಾಡಿ ಗೆರೆ ಹತ್ರದ ಬೇವಿನಮರ ದಾಟ್ತಿದ್ದಂಗೇ ಶುರು ಮಾಡು ಅಂದ್ರು."

ರಂಗಯ್ಯ ಗಾಡಿಯನ್ನು ಬಿರಬಿರನೆ ಮನೆ ಕಡೆ ಹೊಡೆದ. ಮನೆ ಮುಂದೆ ಗಾಡಿ ನಿಂತಾಗ ಅಂಬಮ್ಮ ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲೇ ಇದ್ದಳು. ಗಂಡನ ಮುಖವನ್ನೇ ನೋಡದೆ ನೆಟ್ಟಗೆ ಹೋಗಿ ಎತ್ತುಗಳಿಗೆ ಆರತಿ ಎತ್ತಿ, ಬೆಲ್ಲ ತಿನ್ನಿಸತೊಡಗಿದಳು.

"ಸೋತ ಎತ್ತಿಗ್ಯಾಕೇ ಬೆಲ್ಲ?"

"ವಾಲಗ ಕೇಳಿ ನಿಂತವಲ್ಲ, ಪಾಪ. ನಾವು ಕಲ್ಸಿದ್ದನ್ನ ನಾವೇ ತಪ್ಪಿದ್ರೆ ಆಯ್ತದಾ?"

"ಬೇಕಂತ್ಲೇ ಊದ್ಸಿದೆಯೇನೇ?"

"ಮೇಷ್ಟ್ರು ಕಥೆ ಹೇಳಿದ್ದು ನಿಮಗೊಬ್ರಿಗೇನಾ? ನಾನೂ ಕಂಬದ ಹಿಂದೆ ಕೂತಿದ್ದೆ." ಅಂಬಮ್ಮ ಈಗ ತಿರುಗಿ ಅವನನ್ನು ದಿಟ್ಟಿಸಿದಳು. "ಕಾಂತ ಆ ಹುಡುಗನ್ನೇ ಒಪ್ಪವ್ಳೆ. ಬಾಯಿಬಿಟ್ಟು ಹೇಳಿದ್ರೆ ನೀವು ಕೇಳ್ತಿದ್ರಾ? ಎರಡು ಬಸ್ಸು ಹತ್ತಿ ಪಂಚನಹಳ್ಳಿಗೆ ಹೋಗಿ ಗಂಡು ನೋಡ್ಕಂಡ್ ಬಂದ್ರಿ. ಗೌರಿಪುರ ಆದ್ರೆ ನಮ್ಮ ಕೆರೆ ಏರಿ ಮೇಲೆ ನಿಂತು ಕೂಗಿದ್ರೆ ಕೇಳ್ತದೆ."

ಒಳಗೆ ಬಾಗಿಲ ಮರೆಯಲ್ಲಿ ಬಳೆ ಸದ್ದಾಯಿತು. ರಂಗಯ್ಯ ಬೈಯಬೇಕೆಂದು ಬಾಯಿ ತೆರೆದ. ಆದರೆ ಮಗಳು ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ ಇರುತ್ತಾಳೆ ಎನ್ನುವುದು ಅಷ್ಟರಲ್ಲಿ ಅವನ ಎದೆಗೆ ಇಳಿದಿತ್ತು, ಹಾಯೆನ್ನಿಸಿತು. ಬಂದ ಬೈಗುಳವೆಲ್ಲ ನಗೆಯಾಗಿ ಹೋಯಿತು. "ಬಿಡು, ನಾಳೆ ಮುದ್ದಪ್ಪ ತಾಂಬೂಲ ಹಿಡ್ಕಂಡ್ ಬತ್ತಾನೆ. ಒಬ್ಬಟ್ಟಿಗೆ ಬೇಳೆ ಬೇಯ್ಸು" ಎಂದು ಜಗಲಿಯ ಮೇಲೆ ಮೇಷ್ಟ್ರ ಪಕ್ಕ ಕುಳಿತ.

ಕಾಫಿ ಬಂತು. ಅರ್ಧ ಲೋಟ ಕುಡಿದ ಮೇಲೆ ರಂಗಯ್ಯನಿಗೆ ನೆನಪಾಯಿತು. "ಅಲ್ಲ ಮೇಷ್ಟ್ರೇ, ಆ ಸೋತ ಊರು ಆಮೇಲೇನಾಯ್ತು?"

"ಗೆದ್ದೋರು ಹೊಳೇನೇ ತಿರುಗಿಸಿ ಊರ ಮೇಲೆ ಹರಿಸಿದ್ರಂತೆ. ಎಲ್ಲಿತ್ತು ಅನ್ನೋದೇ ಜನಕ್ಕೆ ಮರೆತೋಗಿತ್ತು. ಮೊನ್ನೆ ಮೊನ್ನೆ ಮಣ್ಣು ಅಗೆದು ಹುಡುಕಿದ್ರು."

ರಂಗಯ್ಯ ಕೆರೆಯ ಕಡೆ ತಿರುಗಿ ನೋಡಿದ. ಅಂಗಳದಲ್ಲಿ ಎತ್ತುಗಳು ಅಂಬಮ್ಮನ ಅಂಗೈಯಲ್ಲಿ ಉಳಿದ ಬೆಲ್ಲ ನೆಕ್ಕುತ್ತಿದ್ದವು. ಅವಳು ಅಲ್ಲಿಂದಲೇ ಕೇಳಿದಳು:

"ಆ ಎರಡೂರಲ್ಲಿ ಯಾರಿಗೂ ಹೆಣ್ಣುಮಕ್ಕಳಿರ್ಲಿಲ್ವಾ ಮೇಷ್ಟ್ರೇ?"