ಮಧ್ಯಾಹ್ನದ ಪಾಳಿ

ಕಾರು ಅಪಘಾತವಾದ ಮೇಲೆ, ಎಲ್ಲರ ಮನೆಯಲ್ಲೂ ಮಾಡುವ ಹಾಗೆ, ಗೆಳತಿ ನೀಲಾಂಬಿಕೆಯ ನೋವನ್ನು ನಾವು ಪಾಳಿಯಲ್ಲಿ ಹೊರುತ್ತಿದ್ದೆವು. ಬೆಳಗ್ಗೆ ಅವಳ ತಂಗಿ, ಮಧ್ಯಾಹ್ನ ನಾನು. ಆಸ್ಪತ್ರೆಯ ತಂತಿಯ ಒಂದು ತುದಿಯನ್ನು ಅವಳ ಮುಂಗೈಗೆ, ಇನ್ನೊಂದನ್ನು ನನ್ನ ಮುಂಗೈಗೆ ಕಟ್ಟಿದರೆ ನೋವು ನನ್ನ ಕಡೆ ಬರುತ್ತಿತ್ತು. ಅಷ್ಟು ಹೊತ್ತು ಅವಳಿಗೆ ಆರಾಮ.

ಅವಳ ಗಂಡ ಮಹಾಂತೇಶಣ್ಣ ಕಾರಿನಲ್ಲೇ ತೀರಿಕೊಂಡಿದ್ದರು. ಹೊಲಿಗೆ ಒಣಗುವ ತನಕ ಅವಳಿಗೆ ಹೇಳಕೂಡದೆಂದು ಹಿರಿಯರ ಕಟ್ಟಪ್ಪಣೆ.

"ಅಣ್ಣಾರು ಮ್ಯಾಲಿನ ವಾರ್ಡಿನ್ಯಾಗ ಅದಾರ. ಇವತ್ತ ಗಂಜಿ ಕುಡದಾರ," ಎಂದು ಎಂದಿನಂತೆ ಹೇಳಿ ತಂತಿ ಕಟ್ಟಿಕೊಂಡೆ.

ಮುರಿದ ತೊಡೆಯ ನೋವು ಬಂತು, ಪಕ್ಕೆಲುಬಿನದೂ ಬಂತು. ಅವುಗಳ ಹಿಂದೆಯೇ ಇನ್ನೊಂದು ಬಂದು ಎದೆಯ ನಡುವೆ ಕೂತಿತು. ಅಲ್ಲಿ ಅವಳಿಗೆ ಗಾಯವೇ ಇರಲಿಲ್ಲ. ಆದರೆ ಆ ನೋವಿನ ಗುರುತು ನನಗಿತ್ತು. ನನ್ನ ಗಂಡ ಹೋದಾಗ ವರ್ಷವಿಡೀ ಅದನ್ನೇ ಹೊತ್ತಿದ್ದೆ.

"ನೀಲಾ, ನಿನಗ ಗೊತ್ತಾಗೇತಿ?"

"ಕಾರಿನ್ಯಾಗ ಗೊತ್ತಾಗಿತ್ತು," ಕಣ್ಣು ಮುಚ್ಚಿಯೇ ಅಂದಳು. "ನಿಮಗ್ಯಾರಿಗೂ ಹತ್ತಬಾರದು ಅಂತ ಇಷ್ಟ ದಿನಾ ತಡಕೊಂಡಿದ್ದೆ. ಇವತ್ತ ಆಗಲಿಲ್ಲ."

ಅವಳು ನನ್ನ ಕೈ ಹಿಡಿದುಕೊಂಡಳು.

"ಕಸ್ತೂರಿ, ನಾಳೆ ಅವರು ರೊಟ್ಟಿ ತಿಂದಾರ ಅಂತ ಹೇಳ."